ನೆಗಡಿಯಾಯಿತೆಂದು ಮೂಗು ಕೊಯ್ಯಬೇಕೆ?

ಮಲೆನಾಡಿನಲ್ಲಿ ಮುಂಗಾರು ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಹಳೆಯ ಕಾರುಗಳಲ್ಲಿ ಒಂದು ಕಾಯಿಲೆ ತಲೆದೋರುತ್ತದೆ. ಗುಂಡಿ ಒತ್ತಿದರೆ ಕಿಟಕಿಯ ಗಾಜು ಮೇಲೇರುವುದಿಲ್ಲ. ಏರಿದರೂ ಅರ್ಧದಲ್ಲಿ ನಿಲ್ಲುತ್ತದೆ. ಜಡಿಮಳೆ ಒಳಗೆ ಸುರಿದು ಸೀಟು ಬೂಷ್ಟು ಹಿಡಿಯುತ್ತದೆ. ಪೇಟೆಯ ಸರ್ವಿಸ್ ಕೇಂದ್ರಗಳಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ‘ಸೆಟ್ ಪೂರ್ತಿ ಬದಲಿಸಬೇಕು.’ ಅದರ ಬೆನ್ನಿಗೇ ಇನ್ನೊಂದು ಉಪದೇಶ: ‘ಇಷ್ಟು ಹಳೆಯ ಗಾಡಿಗೆ ಹಣ ಸುರಿಯುವ ಬದಲು ಹೊಸದನ್ನೇ ಕೊಳ್ಳಬಾರದೇಕೆ?’

ಈ ಉತ್ತರದಲ್ಲಿ ರೋಗನಿದಾನವಿಲ್ಲ, ವ್ಯಾಪಾರವಷ್ಟೇ ಇದೆ. ನಾಡಿ ಹಿಡಿಯದೆ ಔಷಧಿ ಬರೆಯುವ ವೈದ್ಯನನ್ನು ಯಾವ ಹಳ್ಳಿಯೂ ನಂಬುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ಆ ವೈದ್ಯನಿಗೆ ಕೇಳಿದಷ್ಟು ದಕ್ಷಿಣೆ ಸಲ್ಲುತ್ತಿದೆ.

ಕಿಟಕಿಯೊಳಗಿರುವುದು ಬ್ರಹ್ಮವಿದ್ಯೆಯಲ್ಲ. 12 ವೋಲ್ಟಿನ ಸಣ್ಣ ಮೋಟಾರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಗಾಲಿ, ಗಾಜನ್ನು ಎತ್ತಿಳಿಸುವ ರೆಗ್ಯುಲೇಟರ್, ಒಂದು ಸ್ವಿಚ್, ಒಂದು ಫ್ಯೂಸ್, ಕೆಲವು ವೈರುಗಳು: ಹಳೆಯ ಕಾರುಗಳಲ್ಲಿ ಇರುವುದು ಇಷ್ಟೆ. ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿದರೆ ಗಾಜು ಏರುತ್ತದೆ, ದಿಕ್ಕು ತಿರುಗಿದರೆ ಇಳಿಯುತ್ತದೆ. ದೋಷ ಈ ಐದಾರು ಜಾಗಗಳಲ್ಲಿ ಒಂದರಲ್ಲಿ ಇರಲೇಬೇಕು. ಅದನ್ನು ಹುಡುಕಲು ಮೊದಲು ಬೇಕಾಗಿರುವುದು ಕಣ್ಣು, ಕಿವಿ ಮತ್ತು ತಾಳ್ಮೆ.

ಎಲ್ಲ ಕಿಟಕಿಗಳೂ ಒಟ್ಟಿಗೆ ನಿಂತಿದ್ದರೆ ಬಾಗಿಲು ಬಿಚ್ಚುವ ಅಗತ್ಯವೇ ಇಲ್ಲ. ಮೊದಲು ನೋಡಬೇಕಾದದ್ದು ಫ್ಯೂಸ್ ಮತ್ತು ರಿಲೇ. ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು. ಅದಕ್ಕಿಂತ ದೊಡ್ಡದನ್ನಾಗಲಿ, ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನಾಗಲಿ ತುರುಕಿದರೆ ಮುಂದೊಂದು ದಿನ ವೈರಿಗೇ ಬೆಂಕಿ ಹತ್ತೀತು. ಹಿಂದಿನ ಕಿಟಕಿಗಳು ಮಾತ್ರ ನಿಂತಿದ್ದರೆ ಚಾಲಕನ ಬಳಿಯಿರುವ ಲಾಕ್ ಗುಂಡಿಯನ್ನು ಯಾರಾದರೂ ಒತ್ತಿದ್ದಾರೆಯೇ ಎಂದು ನೋಡಬೇಕು.

ಒಂದೇ ಕಿಟಕಿ ನಿಂತಿದ್ದರೆ ಸಂಜೆಯ ಮಬ್ಬಿನಲ್ಲಿ ಕಾರಿನ ಒಳದೀಪ ಹಚ್ಚಿ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ಗುಂಡಿ ಒತ್ತಬೇಕು. ದೀಪ ತುಸು ಮಂಕಾದರೆ ವಿದ್ಯುತ್ತು ಮೋಟಾರಿಗೆ ತಲುಪುತ್ತಿದೆ ಎಂದೇ ಅರ್ಥ. ಗಾಜೋ ರೆಗ್ಯುಲೇಟರೋ ಎಲ್ಲೋ ಸಿಕ್ಕಿಕೊಂಡಿದೆ, ಇಲ್ಲವೇ ಮೋಟಾರೇ ಬಿಗಿದುಕೊಂಡಿದೆ. ದೀಪ ಕದಲದಿದ್ದರೆ ದಾರಿ ಎಲ್ಲೋ ಕಡಿದಿದೆ: ಸ್ವಿಚ್ಚಿನಲ್ಲಿ, ವೈರಿನಲ್ಲಿ ಅಥವಾ ಮೋಟಾರಿನ ಸವೆದ ಬ್ರಷ್ಷಿನಲ್ಲಿ. ಚಾಲಕನ ಗುಂಡಿಗೆ ಏರುವ ಗಾಜು ಬಾಗಿಲಿನ ಗುಂಡಿಗೆ ಏರದಿದ್ದರೆ ತಪ್ಪು ಬಾಗಿಲಿನ ಸ್ವಿಚ್ಚಿನದು. ಇಳಿದು ಏರದ ಗಾಜಿನ ದೋಷವೂ ಬಹುಮಟ್ಟಿಗೆ ಸ್ವಿಚ್ಚಿನೊಳಗಿನ ಕರಿಗಟ್ಟಿದ ತಗಡಿನದೇ. ಅದನ್ನು ಬಿಚ್ಚಿ ಒರಸಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಮೋಟಾರು ಗುಂಯ್‌ಗುಟ್ಟಿಯೂ ಗಾಜು ಅಲುಗದಿದ್ದರೆ ಮಾತ್ರ ಕೇಬಲ್ಲು ಕಡಿದಿರುವ ಅಥವಾ ಹಲ್ಲುಗಾಲಿ ಸವೆದಿರುವ ಸಂಭವ ಹೆಚ್ಚು.

ಬಹುತೇಕರು ನೋಡದ ಜಾಗವೊಂದಿದೆ. ಬಾಗಿಲು ಮತ್ತು ಕಂಬದ ನಡುವಿನ ರಬ್ಬರು ಕೊಳವೆಯೊಳಗೆ ವೈರುಗಳು ಹಾದುಹೋಗುತ್ತವೆ. ಬಾಗಿಲು ತೆರೆದಾಗಲೂ ಮುಚ್ಚಿದಾಗಲೂ ಅವು ಮಡಚಿಕೊಳ್ಳುತ್ತವೆ. ಹತ್ತು ಹದಿನೈದು ವರ್ಷಗಳ ಈ ವ್ಯಾಯಾಮದಲ್ಲಿ ಒಂದು ವೈರು ಒಳಗೊಳಗೇ ತುಂಡಾಗುವುದು ಸಹಜ. ಗುಂಡಿ ಒತ್ತಿಹಿಡಿದು ಬಾಗಿಲನ್ನು ನಿಧಾನವಾಗಿ ಆಡಿಸುವಾಗ ಗಾಜು ಒಮ್ಮೆ ಕದಲಿದರೂ ಸಾಕು, ಕಳ್ಳ ಸಿಕ್ಕಿದಂತೆಯೇ. ಅದೇ ದಪ್ಪದ ಒಂದು ಗೇಣು ವೈರು, ಬೆಸುಗೆ, ಟೇಪು ಇದ್ದರೆ ಅದಕ್ಕೆ ಚಿಕಿತ್ಸೆಯಾಗುತ್ತದೆ. ಇಂಥ ದೋಷಕ್ಕೂ ‘ಸೆಟ್’ ಮಾರುವವರನ್ನು ಏನೆಂದು ಕರೆಯಬೇಕು?

ಘಟ್ಟದ ಮಳೆ ತರುವ ಕೆಡುಕೂ ಬೇರೆಯದೇ. ಗಾಜಿನ ಅಂಚಿನಿಂದ ಬಾಗಿಲೊಳಗೆ ಇಳಿಯುವ ನೀರು ಹೊರಹೋಗಲು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ತರಗೆಲೆಯ ಪುಡಿ, ಕೆಮ್ಮಣ್ಣು ಸೇರಿ ಅವು ಮುಚ್ಚಿದರೆ ಬಾಗಿಲೇ ಕೆರೆಯಾಗಿ ಮೋಟಾರೂ ತಗಡೂ ತುಕ್ಕು ಹಿಡಿಯುತ್ತವೆ. ಮಳೆಗೆ ಮುನ್ನ ಒಂದು ಕಡ್ಡಿಯಿಂದ ತೂತು ಬಿಡಿಸುವುದು, ಗಾಜು ಜಾರುವ ರಬ್ಬರನ್ನು ಒರಸಿ ಸಿಲಿಕಾನ್ ದ್ರವ ಸವರುವುದು: ಅರ್ಧ ಗಂಟೆಯ ಕೆಲಸ. ರಬ್ಬರಿಗೆ ಎಂಜಿನ್ ಎಣ್ಣೆ ಬಳಿದರೆ ಅದು ಉಬ್ಬಿ ಗಾಜನ್ನು ಇನ್ನಷ್ಟು ಬಿಗಿಹಿಡಿಯುತ್ತದೆ. ಬಾಗಿಲು ಬಿಚ್ಚಲೇಬೇಕಾದರೆ ಬ್ಯಾಟರಿಯ ತಂತಿ ಕಳಚಿ, ಗಾಜನ್ನು ಟೇಪಿನಿಂದ ಬಿಗಿದು, ಹರಿತ ತಗಡಿನಿಂದ ಕೈ ಕಾಪಾಡಿಕೊಳ್ಳಬೇಕು. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದೆಸೆಯದೆ ಮತ್ತೆ ಅಂಟಿಸಬೇಕು. ಕಾರಿನೊಳಕ್ಕೆ ನೀರು ಬಾರದಂತೆ ತಡೆಯುವುದು ಅದೇ.

ಇಷ್ಟು ಸರಳವಾದ ವಿದ್ಯೆ ಜನರ ಕೈತಪ್ಪಿದ್ದು ಆಕಸ್ಮಿಕವಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕರಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ತಯಾರಕರಲ್ಲಿ ಹಲವರು ಅದನ್ನು ಮೇಲಿನ ಪೀಠಗಳಲ್ಲಿ ಪ್ರಶ್ನಿಸಿದರು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಕಾರು ದುರಸ್ತಿಯ ಮಾಹಿತಿ ಎಲ್ಲ ಗ್ಯಾರೇಜುಗಳಿಗೂ ಸಿಗಬೇಕೆಂದು 2012ರಲ್ಲೇ ತೀರ್ಪಿತ್ತಿದ್ದರು. ನಮ್ಮ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದ್ದು 2022ರ ಜುಲೈನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಅಂತರ್ಜಾಲ ತಾಣವನ್ನೂ ತೆರೆಯಿತು. ತಾಣದಿಂದ ಮಾಹಿತಿ ಸಿಕ್ಕೀತು. ಹಳೆಯ ಕಾರಿನ ಒಂದು ಪ್ಲಾಸ್ಟಿಕ್ ಹಲ್ಲುಗಾಲಿಯನ್ನು ಬಿಡಿಯಾಗಿಯೇ ಮಾರಬೇಕೆಂಬ ಕಟ್ಟುಪಾಡು ಅದರಿಂದ ಹುಟ್ಟುವುದಿಲ್ಲ.

ಹಳೆಯ ಕಾರು ಹೆಚ್ಚು ಹೊಗೆ ಉಗುಳುತ್ತದೆ, ಅದನ್ನು ಉಳಿಸುವುದೇ ಪರಿಸರ ದ್ರೋಹ ಎಂಬ ವಾದವುಂಟು. ಹೊಗೆ ತಪಾಸಣೆಯಲ್ಲಿ ಸೋತು, ರಿಪೇರಿಗೂ ಬಗ್ಗದ ಎಂಜಿನ್ ರಸ್ತೆಗಿಳಿಯಬಾರದು. ಆ ಮಾತು ಒಪ್ಪತಕ್ಕದ್ದೇ. ಆದರೆ ಕಿಟಕಿ ಏರದಿರುವುದಕ್ಕೂ ಹೊಗೆಗೂ ಏನು ಸಂಬಂಧ? ಹೊಗೆಯ ನೆಪದಲ್ಲಿ ಸ್ವಿಚ್ಚಿನ ದೋಷಕ್ಕೆ ಕಾರನ್ನೇ ಗುಜರಿಗೆ ಹಾಕಿಸುವುದು ಪರಿಸರ ಪ್ರೇಮವಲ್ಲ; ಅದು ನೆಗಡಿಯಾಯಿತೆಂದು ಮೂಗು ಕೊಯ್ಯುವ ಚಿಕಿತ್ಸೆ.

ಹೊಸ ಕಾರಿನ ಉಕ್ಕು, ಹೊಸ ಮೋಟಾರಿನ ತಾಮ್ರ ಆಕಾಶದಿಂದ ಉದುರುವುದಿಲ್ಲ. ಕುದುರೆಮುಖದ ಗುಡ್ಡಗಳನ್ನು ಬಗೆದ ಅದಿರು ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನ ತರುವಾಯ, 2005ರ ಕೊನೆಗೆ ನಿಂತಿತು. ಭದ್ರೆಯ ನೀರು ಕೆಂಪಾದದ್ದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಒಂದು ಗುಡ್ಡ ಉಳಿಯಿತೆಂದು ಲೋಹದ ಹಸಿವು ಇಂಗಲಿಲ್ಲ; ಅದು ಬೇರೊಬ್ಬರ ಗುಡ್ಡವನ್ನು ಹುಡುಕಿಕೊಂಡು ಹೋಯಿತು. ಕೆಡದ ಮೋಟಾರನ್ನು ಗುಜರಿಗೆಸೆಯುವ ಪ್ರತಿಯೊಂದು ಕೈಯೂ ಆ ಹಸಿವಿಗೆ ತುತ್ತಿಡುವ ಕೈಯೇ.

ಮುರಿದ ನೊಗಕ್ಕೆ ಪಟ್ಟಿ ಕಟ್ಟಿ, ಸವೆದ ಕತ್ತಿಗೆ ಕುಲುಮೆಯಲ್ಲಿ ಬಾಯಿ ಕಟ್ಟಿಸಿ ಬದುಕಿದ ಸೀಮೆ ಇದು. ಆ ವಿವೇಕ ಕಾರಿಗೂ ಸಲ್ಲಬೇಕು. ‘ಸೆಟ್ ಬದಲಿಸಬೇಕು’ ಎಂದವರಿಗೆ ಗ್ರಾಹಕರು ಕೇಳಬೇಕಾದದ್ದು ಒಂದೇ ಪ್ರಶ್ನೆ: ‘ದೋಷ ಎಲ್ಲಿದೆ, ತೋರಿಸಿ.’ ತೋರಿಸಲಾಗದವರಿಗೆ ಹಣ ಕೇಳುವ ಹಕ್ಕಿಲ್ಲ. ಐಟಿಐ, ಡಿಪ್ಲೊಮಾ ಓದುವ ವಿದ್ಯಾರ್ಥಿಗಳು ರಜೆಯಲ್ಲಿ ಮೀಟರು ಹಿಡಿದು ಊರಿನ ಹಳೆಯ ಮೆಕ್ಯಾನಿಕ್ಕಿನ ಪಕ್ಕ ಒಂದು ವಾರ ಕುಳಿತರೆ, ಯಾವ ಕಂಪನಿಯೂ ಕಲಿಸದ ಪಾಠ ಅಲ್ಲಿ ದೊರೆಯುತ್ತದೆ. ಬಿಚ್ಚಿ ನೋಡಲು ಬಾರದ ವಸ್ತುವಿಗೆ ಕೊಂಡವನು ಯಜಮಾನನಲ್ಲ, ಬರೀ ಬಾಡಿಗೆದಾರ.