ಪಾಸ್‌ಬುಕ್ ಎಂಟ್ರಿ ಹಾಕಿಸಿ, ಕಡಿತದ ಸಾಲಿಗೆ ಗೆರೆ ಎಳೆಯಿರಿ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಬ್ಯಾಂಕ್ ಖಾತೆದಾರರಲ್ಲಿ ವಿನಂತಿ



ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ಎಷ್ಟು ತಿಂಗಳಾಯಿತು? ಈ ವಾರವೇ ಹಾಕಿಸಿ. ಹಾಲಿನ ಬಟವಾಡೆ, ಗೃಹಲಕ್ಷ್ಮಿಯ ಎರಡು ಸಾವಿರ, ನರೇಗಾ ಕೂಲಿ ಜಮಾ ಆದ ಸಾಲುಗಳ ನಡುವೆ ‘ಮಿನಿಮಮ್ ಬ್ಯಾಲೆನ್ಸ್ ಚಾರ್ಜ್’, ‘ಇಸಿಎಸ್ ರಿಟರ್ನ್’, ‘ಎಟಿಎಂ ಡಿಕ್ಲೈನ್’ ಎಂಬಂಥ ಸಣ್ಣ ಸಾಲುಗಳು ಸಿಗುತ್ತವೆ. ಅವುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಅವು ಅರ್ಧ ಅಕ್ಷರ ನುಂಗಿ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತವೆ. ತಿಳಿಯದಿದ್ದರೆ ಕೌಂಟರಿನಲ್ಲಿ ಕೇಳಿ, ಹೇಳುವುದು ಅವರ ಕೆಲಸ.

17 ರೂಪಾಯಿ 70 ಪೈಸೆ. ಈ ಮೊತ್ತ ಕೆಲವರಿಗೆ ನೆನಪಿರಬಹುದು. 15 ರೂಪಾಯಿ ಶುಲ್ಕ, ಮೇಲೆ ಶೇ 18 ಜಿಎಸ್‌ಟಿ. ಜನಧನದಂಥ ಸೊನ್ನೆ ಬ್ಯಾಲೆನ್ಸ್ ಖಾತೆಯವರು ತಿಂಗಳಲ್ಲಿ ನಾಲ್ಕು ಸಲ ದಾಟಿ ಹಣ ತೆಗೆದರೆ, ಅಂಗಡಿಗೆ ಯುಪಿಐ ಮಾಡಿದರೂ ಸೇರಿಸಿ, ಪ್ರತಿ ಸಲಕ್ಕೂ ಸ್ಟೇಟ್ ಬ್ಯಾಂಕ್ ಇಷ್ಟು ಹಿಡಿಯುತ್ತಿತ್ತು. 2020ರ ಆಗಸ್ಟ್ 30ರಂದು ಕೇಂದ್ರ ನೇರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿ, ಆ ವರ್ಷದ ಜನವರಿ 1ರಿಂದ ಯುಪಿಐ, ರುಪೇ ಪಾವತಿಗೆ ಹಿಡಿದದ್ದನ್ನು ವಾಪಸ್ ಕೊಡಿ ಎಂದಿತು. 2021ರಲ್ಲಿ ಐಐಟಿ ಮುಂಬೈನ ವರದಿಯೊಂದು ಲೆಕ್ಕ ಹಾಕಿತು: 2017ರ ಏಪ್ರಿಲ್‌ನಿಂದ ಹೀಗೆ ಹಿಡಿದದ್ದು 254 ಕೋಟಿಗೂ ಮೇಲೆ, ಹಿಂದಿರುಗಿದ್ದು ಸುಮಾರು 90 ಕೋಟಿ. 2020ರ ಜನವರಿ 1ಕ್ಕಿಂತ ಹಿಂದೆ ಹಿಡಿದ ಹಣ ಕೇಳುವವರಿಲ್ಲದೆ ಉಳಿಯಿತು.

ಯಾರು ಕೇಳಬೇಕಿತ್ತು? ನಾವೇ. ಆದರೆ 236 ರೂಪಾಯಿಯಂಥ ಸಣ್ಣ ಕಡಿತಕ್ಕೆ ನಿಟ್ಟೂರಿನವರೋ ಹುಲಿಯೂರುದುರ್ಗದವರೋ ತುಮಕೂರಿಗೆ ಬಸ್ ಹತ್ತಿದರೆ ಅವತ್ತಿನ ಕೂಲಿಯೂ ಹೋಯಿತು. ಬ್ಯಾಂಕಿಗೂ ಇದು ಚೆನ್ನಾಗಿ ಗೊತ್ತು. ಕನಿಷ್ಠ ಬ್ಯಾಲೆನ್ಸ್ ಇಲ್ಲದ ದಂಡವೊಂದರಲ್ಲೇ ಸರ್ಕಾರಿ ಬ್ಯಾಂಕುಗಳಿಗೆ 2019-20ರಿಂದ ಐದು ವರ್ಷದಲ್ಲಿ ಸುಮಾರು 8,500 ಕೋಟಿ ಬಂದಿದೆ. ಸಂಸತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕ ಇದು. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಈ ದಂಡ ಕೈಬಿಟ್ಟವು, ಒಳ್ಳೆಯದೇ ಆಯಿತು. ಆದರೆ ಹಿಂದೆ ಹಿಡಿದದ್ದು ತಾನಾಗಿ ಖಾತೆಗೆ ಬರುವುದಿಲ್ಲ. ಖಾಸಗಿ ಬ್ಯಾಂಕುಗಳ ಮಾತಂತೂ ಬೇರೆಯೇ.

ಒಬ್ಬೊಬ್ಬರಿಗೆ ಆಗದ್ದು ಒಟ್ಟಾದರೆ ಆಗುತ್ತದೆ. ಅಮೆರಿಕದ ಬ್ಯಾಂಕುಗಳಲ್ಲಿ ದೊಡ್ಡ ಮೊತ್ತವನ್ನು ಮೊದಲು ಕಳೆದು ಖಾತೆ ಬರಿದು ಮಾಡಿ, ಆಮೇಲೆ ಬರುವ ಪ್ರತಿ ಸಣ್ಣ ಖರ್ಚಿಗೂ ದಂಡ ಹಾಕುವ ಚಾಳಿ ಇತ್ತು. ಗ್ರಾಹಕರು ಒಟ್ಟಾಗಿ ಮಯಾಮಿಯ ಕೋರ್ಟಿಗೆ ಹೋದರು. 2011ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಒಂದೇ 41 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು.

ಆ ದಾರಿ ನಮ್ಮಲ್ಲೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 35(1)(ಸಿ) ಪ್ರಕಾರ, ಒಂದೇ ಹಿತಾಸಕ್ತಿಯ ಬಹಳ ಮಂದಿ ಇದ್ದಾಗ, ಗ್ರಾಹಕರ ಆಯೋಗದ ಅನುಮತಿ ಪಡೆದು ಒಬ್ಬರೋ ಇಬ್ಬರೋ ಎಲ್ಲರ ಪರವಾಗಿ ದೂರು ಹಾಕಬಹುದು. ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಬ್ಯಾಂಕಿನ ಮುಖ್ಯ ಕಚೇರಿ ಮುಂಬೈನಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು.

‘ಒಂದೇ ಹಿತಾಸಕ್ತಿ’ ಎಂಬಲ್ಲೇ ಕೇಸು ನಿಲ್ಲುವುದು ಅಥವಾ ಬೀಳುವುದು. ಬೆಂಗಳೂರಿನ ಬ್ರಿಗೇಡ್ ಅಪಾರ್ಟ್‌ಮೆಂಟ್ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಎಲ್ಲರ ಹಿತಾಸಕ್ತಿ ಒಂದೇ ಎಂದು ದೂರಿನಲ್ಲಿ ತೋರಿಸಿಕೊಡದಿದ್ದರೆ ಅದು ಎಲ್ಲರ ಪರವಾದ ದೂರಾಗದು, ಸಹಿ ಹಾಕಿದವರ ಜಂಟಿ ದೂರು ಮಾತ್ರ. ಹಾಗಾಗಿ ‘ಬ್ಯಾಂಕುಗಳು ಮೋಸ ಮಾಡುತ್ತಿವೆ’ ಎಂದು ಕೂಗಿದರೆ ಸಾಲದು. ಒಂದೇ ಬ್ಯಾಂಕು, ಒಂದೇ ಬಗೆಯ ಕಡಿತ, ಮುರಿದದ್ದು ಒಂದೇ ನಿಯಮ ಎಂದು ವಿಂಗಡಿಸಬೇಕು.

ನಿಯಮಗಳು ಇವೆ. ರಿಸರ್ವ್ ಬ್ಯಾಂಕಿನ 2014ರ ನವೆಂಬರ್ 20ರ ಸುತ್ತೋಲೆ, 2015ರ ಏಪ್ರಿಲ್ 1ರಿಂದ ಜಾರಿ: ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಎಸ್ಸೆಮ್ಮೆಸ್ಸೋ ಪತ್ರವೋ ಕಳಿಸಿ ತಿಳಿಸಬೇಕು, ಭರ್ತಿ ಮಾಡಲು ಒಂದು ತಿಂಗಳಾದರೂ ಬಿಡಬೇಕು, ದಂಡ ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು, ಬರೀ ಈ ದಂಡದಿಂದಲೇ ಖಾತೆ ಮೈನಸ್ಸಿಗೆ ಇಳಿಯಬಾರದು. ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಈ ದಂಡ ಹಾಕುವಂತೆಯೇ ಇಲ್ಲ. ವಸಂತನರಸಾಪುರದ ಫ್ಯಾಕ್ಟರಿ ಬಿಟ್ಟವರು ಹಳೆಯ ಸಂಬಳದ ಖಾತೆಯನ್ನು ವಿಶೇಷವಾಗಿ ನೋಡಿಕೊಳ್ಳಿ. ಕೆಲವು ತಿಂಗಳು ಸಂಬಳ ಬೀಳದಿದ್ದರೆ ಅದು ಮಾಮೂಲಿ ಉಳಿತಾಯ ಖಾತೆಯಾಗಿ ಬದಲಾಗುತ್ತದೆ, ದಂಡ ಶುರುವಾಗುವುದು ಅಲ್ಲಿಂದ.

ಎಲ್ಲ ಕಡಿತವೂ ಅಕ್ರಮವಲ್ಲ. ತಿಳಿಸಿ, ಗಡುವು ಕೊಟ್ಟು, ನಿಯಮದಂತೆ ಹಿಡಿದಿದ್ದರೆ ಅದನ್ನು ನಮ್ಮ ಒಟ್ಟು ದೂರಿಗೆ ತುರುಕಬೇಡಿ, ಉಳಿದವರ ಕೇಸೂ ಕೆಡುತ್ತದೆ.

ಈಗ ಮಾಡಬೇಕಾದದ್ದು: ಶಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ಬರೆಯಬಹುದು, ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಒಟ್ಟಿಗೆ ಆಯೋಗಕ್ಕೆ ಹೋಗಲು ಸಿದ್ಧರಿರುವವರು ಗೆರೆ ಎಳೆದ ಪುಟದ ಜೆರಾಕ್ಸನ್ನು ಈ ಕರಪತ್ರ ಕೊಟ್ಟವರ ಕೈಗೆ ಕೊಡಿ. ತಡ ಮಾಡಬೇಡಿ, ಕಡಿತವಾದ ಎರಡು ವರ್ಷದೊಳಗೆ ದೂರು ಆಗಬೇಕು. 5 ಲಕ್ಷದವರೆಗಿನ ದೂರಿಗೆ ಆಯೋಗದ ಶುಲ್ಕವಿಲ್ಲ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಲು ಆಯೋಗ ಹೇಳಿದರೆ ಆ ಖರ್ಚು ಮಾತ್ರ ನಮ್ಮದು, ಹಂಚಿಕೊಳ್ಳೋಣ.

ಜೆರಾಕ್ಸ್ ಕೊಡುವಾಗ ನಿಮ್ಮ ಹೆಸರು, ಬ್ಯಾಂಕು, ಶಾಖೆ, ಕಡಿತದ ತಾರೀಖು ಕಾಣುವಂತಿರಲಿ. ಮೂಲ ಪಾಸ್‌ಬುಕ್, ಎಟಿಎಂ ಪಿನ್, ಒಟಿಪಿ ಯಾರಿಗೂ ಕೊಡಬೇಡಿ, ನಮಗೂ ಕೊಡಬೇಡಿ.

ಇಂತಿ,
ತುಮಕೂರು, ಗುಬ್ಬಿ, ಕುಣಿಗಲ್‌ನ ಕೆಲವು ಖಾತೆದಾರರು