ಮರದ ಎರಡು ದಾರಿಗಳು

ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ಯಂತ್ರಗಳು ತುಂಗಭದ್ರೆಯ ನೀರನ್ನೆತ್ತಿ ದಾವಣಗೆರೆಗೆ ಕಳುಹಿಸುತ್ತವೆ. ಯಂತ್ರ ನಿಂತರೆ ನಲ್ಲಿಗೂ ಬಾಯಾರಿಕೆ. ಅದೇ ಊರಿನ ಬೀದಿಬದಿಯ ಬೇವು, ಹೊಂಗೆಗಳಾದರೋ ಯಾವ ಯಂತ್ರದ ಹಂಗೂ ಇಲ್ಲದೆ ಬೇರಿನ ನೀರನ್ನು ನೆತ್ತಿಯ ಚಿಗುರಿಗೆ ಮುಟ್ಟಿಸುತ್ತವೆ.

ಗಾಳಿಯ ಒತ್ತಡವನ್ನೇ ನಂಬಿದ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಹೀರಲಾರದು. ಮರಗಳು ಆ ಮಿತಿಯನ್ನು ಮೀರಿ ಬೆಳೆಯುವುದು ಹೇಗೆ? ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಎಂಬ ವಿದ್ವಾಂಸರು 1894ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಎಲೆಯ ಸೂಕ್ಷ್ಮರಂಧ್ರಗಳಿಂದ ನೀರು ಆವಿಯಾದಂತೆಲ್ಲ, ಒಂದನ್ನೊಂದು ಬಿಗಿಯಾಗಿ ಹಿಡಿದ ನೀರಿನ ಕಣಗಳ ಸರಪಳಿಯೇ ಮೇಲಕ್ಕೆ ಸೆಳೆಯಲ್ಪಡುತ್ತದೆ. ನಮ್ಮ ಜಗದೀಶಚಂದ್ರ ಬೋಸರು ಜೀವಕೋಶಗಳ ಮಿಡಿತವೇ ನೀರನ್ನು ಏರಿಸುತ್ತದೆಂದು ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ. ಅದರಿಂದ ಅವರ ಹಿರಿಮೆಯೇನೂ ಕುಂದಲಿಲ್ಲ.

ನೀರು, ಲವಣಗಳು ಏರುವ ಈ ದಾರಿ ಕ್ಸೈಲಮ್. ಅದು ಕಾಂಡದ ಕಟ್ಟಿಗೆಯಲ್ಲಿದೆ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗಿಳಿಯುವ ದಾರಿ ಫ್ಲೋಯಮ್. ಅದು ತೊಗಟೆಯ ಒಳಮೈಯಲ್ಲಿ ತೆಳುವಾಗಿ ಹರಡಿದೆ. ಮನುಷ್ಯನ ಕೈ ಮೊದಲು ತಾಗುವುದು ಇದಕ್ಕೆ.

ಮರಕ್ಕೆ ಮೊಳೆ ಹೊಡೆದು ಫಲಕ ತೂಗುಹಾಕುವವರನ್ನು ನಾವು ಬೈಯುತ್ತೇವೆ. ಬೈಯುವುದು ಸರಿಯೇ, ಆದರೂ ಒಂದು ಮೊಳೆಯಿಂದ ಮರ ಸಾಯದು. ನಿಜವಾದ ಕೊಲೆಗಾರ ಸುತ್ತಲೂ ಬಿಗಿದ ತಂತಿ. ಸಸಿಯಾಗಿದ್ದಾಗ ಕಟ್ಟಿದ ತಂತಿಯನ್ನು ಯಾರೂ ಬಿಚ್ಚುವುದಿಲ್ಲ. ಕಾಂಡ ದಪ್ಪವಾದಂತೆ ಅದು ತೊಗಟೆಯನ್ನು ಕೊರೆದು ಒಳಗಿಳಿಯುತ್ತದೆ. ಇಳಿಯಲಾಗದ ಆಹಾರ ಮೇಲೆಯೇ ತಂಗಿ ಅಲ್ಲಿ ಕಾಂಡ ಉಬ್ಬುತ್ತದೆ. ಇಟಲಿಯ ಮಾಲ್ಪೀಘಿ 17ನೆಯ ಶತಮಾನದಲ್ಲಿಯೇ ತೊಗಟೆಯನ್ನು ಉಂಗುರದಂತೆ ಸುಲಿದು ಈ ಉಬ್ಬನ್ನು ಕಂಡಿದ್ದ. ಕಟ್ಟಿಗೆಯ ದಾರಿ ತೆರೆದಿರುವುದರಿಂದ ಎಲೆಗಳು ಬಹುಕಾಲ ಹಸಿರಾಗಿಯೇ ಇರುತ್ತವೆ. ಕೆಳಗೆ ಬೇರುಗಳು ಮಾತ್ರ ಉಪವಾಸ ಬಿದ್ದಿರುತ್ತವೆ. ಕಡೆಗೊಮ್ಮೆ ಮರ ಒಣಗಿದಾಗ, ತಂತಿ ಕಟ್ಟಿದವರ ನೆನಪು ಯಾರಿಗೂ ಇರುವುದಿಲ್ಲ.

ಕರ್ನಾಟಕದಲ್ಲಿ ಮರಗಳ ರಕ್ಷಣೆಗೆ 1976ರ ಕಾಯಿದೆಯುಂಟು. ಕೊಡಲಿ ಹಿಡಿದವನು ಅದಕ್ಕೆ ಸುಲಭವಾಗಿ ಸಿಕ್ಕಾನು. ತಂತಿ ಬಿಗಿದವನು, ಬುಡದವರೆಗೆ ಸಿಮೆಂಟು ಸುರಿದವನು ಸಿಗುವುದು ಕಷ್ಟ. ಬೇರಿಗೆ ನೀರಷ್ಟೇ ಅಲ್ಲ, ಗಾಳಿಯೂ ಬೇಕು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಸುತ್ತ ಒಂದು ಮೀಟರಿನವರೆಗಿನ ಕಾಂಕ್ರೀಟನ್ನು ತೆಗೆಯಲು ಆದೇಶಿಸಿತು. ದಾವಣಗೆರೆ, ಹರಿಹರಗಳ ಬೀದಿಗಳಲ್ಲಿಯೂ ಅಷ್ಟು ನೆಲವನ್ನು ಬಿಡಬೇಕೆಂಬುದು ನನ್ನ ಅಭಿಪ್ರಾಯ. ಕಾಲುದಾರಿ ಕಿರಿದಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಆಗಲಿ, ನೆರಳಿನಲ್ಲಿ ನಡೆಯುವವರು ಸ್ವಲ್ಪ ಸರಿದು ನಡೆದಾರು. ತಂತಿಯ ಕೆಲಸಕ್ಕಂತೂ ಯಾವ ಆದೇಶವೂ ಬೇಡ. ಮಳೆಗಾಲದ ಮೊದಲು ಒಂದು ಇಕ್ಕಳ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿಬಂದರಾಯಿತು.