ಮೊದಲು ಒರೆಸಿ, ಆಮೇಲೆ ಹೂ ಮುಡಿಸಿ

ಆಯುಧಪೂಜೆ ಕಳೆದು ಎರಡು ದಿನವಾಗಿತ್ತು. ಮನೆಯವರ ಜೊತೆ ಒಂದು ಹಿನ್ನೀರಿನಲ್ಲಿ ಮೋಟಾರು ಬೋಟು ಹತ್ತಿದೆ. ಯಾವ ಊರು, ಯಾರ ಬೋಟು ಎಂಬುದು ಬೇಡ. ಹೆಸರು ಹೇಳಿದರೆ ಜಗಳ ಅವರೊಬ್ಬರ ಮೇಲೆ ಹೋಗುತ್ತದೆ, ನನ್ನ ಜಗಳ ನಮ್ಮೆಲ್ಲರ ಮೇಲಿದೆ. ಎಂಜಿನ್ನಿಗೆ ಚೆಂಡುಹೂವಿನ ಹಾರ, ಕುಂಕುಮ, ವಿಭೂತಿ. ಮೈಗೆ ಹೊಸ ನೀಲಿ ಬಣ್ಣ. ನಡುನೀರಿಗೆ ಹೋಗುವಷ್ಟರಲ್ಲಿ ಎಂಜಿನ್ ಕುಂಯ್‌ಗುಟ್ಟಿ ನಿಂತುಹೋಯಿತು.

"ಏನಾಯ್ತಪ್ಪ?"

"ಹೀಟಾಗಿದೆ ಸಾರ್. ಹತ್ತು ನಿಮಿಷ ಬಿಟ್ರೆ ಸರಿಹೋಗುತ್ತೆ."

"ಇಂಪೆಲ್ಲರ್ ಯಾವಾಗ ಬದಲಾಯಿಸಿದ್ದು?"

"ಹಂಗಂದ್ರೆ ಏನು ಸಾರ್?"

ಹುಡುಗ ಒಳ್ಳೆಯವನು. ಒಂದೇ ಹುಟ್ಟು ಹಾಕಿ ಬೆವರಿಳಿಸಿಕೊಂಡು ನಮ್ಮನ್ನು ದಡ ಮುಟ್ಟಿಸಿದ. ನನ್ನ ಮಗಳ ಲೈಫ್ ಜಾಕೆಟ್ಟಿನ ಬಕಲ್ ಮುರಿದಿದ್ದರಿಂದ ಅದನ್ನು ಗೋಣಿಹುರಿಯಿಂದ ಕಟ್ಟಿದ್ದ. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದೆ ಇರುವುದೇ ನಮ್ಮಲ್ಲಿ ದುರಸ್ತಿಯ ಸರ್ಟಿಫಿಕೇಟು.

ನಾನು ಬೋಟಿನ ಮೆಕ್ಯಾನಿಕ್ ಅಲ್ಲ. ಆದರೆ ಕಾಫಿ ತೋಟದ ಪಂಪ್‌ಸೆಟ್ ನೋಡಿ ಬೆಳೆದವನು. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಆ ವಾರ ಪಂಪು ಕೈಕೊಟ್ಟರೆ ವರ್ಷದ ಫಸಲು ಹೋಯಿತು. ಅದಕ್ಕೇ ಜನವರಿಯಲ್ಲೇ ಪಂಪು ಬಿಚ್ಚಿ, ಇಂಪೆಲ್ಲರ್ ನೋಡಿ, ಸೀಲು ಬದಲಿಸಿ ಇಡುತ್ತಾರೆ. ಒಂದು ಫಸಲಿಗೆ ಕೊಡುವ ಈ ಗೌರವವನ್ನು ಹತ್ತು ಜನರ ಜೀವಕ್ಕೆ ನಾವು ಕೊಡುತ್ತಿಲ್ಲ ಎಂಬುದೇ ನನ್ನ ತಕರಾರು.

ಹಾರಂಗಿಯನ್ನೇ ನೋಡಿ. ಕುಶಾಲನಗರದ ಹತ್ತಿರ ಹುದ್ಗೂರಿನಲ್ಲಿ 1982ರಲ್ಲಿ ಮುಗಿದ ಅಣೆಕಟ್ಟು. 47 ಮೀಟರ್ ಎತ್ತರ, 846 ಮೀಟರ್ ಉದ್ದ, 8.5 ಟಿಎಂಸಿ ನೀರು. ಪೂರ್ಣ ಮಟ್ಟ 2,859 ಅಡಿ. ಜೂನ್‌ನಲ್ಲಿ ಮಳೆ ಹಿಡಿದರೆ ಒಳಹರಿವು ಏರುತ್ತದೆ, ಕ್ರೆಸ್ಟ್ ಗೇಟು ತೆರೆಯುತ್ತಾರೆ, ಕೆಂಪು ನೀರು ಕೂಡಿಗೆಯ ಕಡೆ ಕಾವೇರಿ ಸೇರಲು ಓಡುತ್ತದೆ. ದುಬಾರೆಯಲ್ಲೂ ಹೊಳೆ ಉಕ್ಕಿದರೆ ಆನೆ ಶಿಬಿರಕ್ಕೆ ದಾಟಿಸುವ ಬೋಟುಗಳು ನಿಲ್ಲುತ್ತವೆ. ಅಂದರೆ ಕೊಡಗಿನ ಮಳೆಗಾಲ ಬೋಟಿನವರಿಗೆ ಕೇಳದೆಯೇ ರಜೆ ಕೊಡುತ್ತದೆ. ಈ ರಜೆಯಲ್ಲಿ ಬೋಟನ್ನು ಏನು ಮಾಡುತ್ತೇವೆ? ಮರಕ್ಕೆ ಕಟ್ಟುತ್ತೇವೆ, ಟಾರ್ಪಾಲು ಹೊದೆಸುತ್ತೇವೆ, ದಸರಾ ರಜೆ ಹತ್ತಿರ ಬಂದಾಗ ಬಣ್ಣ ಬಳಿಯುತ್ತೇವೆ.

ಬಣ್ಣ ದುರಸ್ತಿಯಲ್ಲ. ಎಷ್ಟೋ ಸಲ ಅದು ಬಿರುಕಿನ ಮೇಲೆ ಎಳೆದ ಪರದೆ. ಬೋಟನ್ನು ಪೂರ್ತಿ ದಡಕ್ಕೆ ಎಳೆದು, ದಿಮ್ಮಿಯ ಮೇಲೋ ಟ್ರೇಲರಿನ ಮೇಲೋ ಏರಿಸಿ, ಅಡಿ ತೊಳೆದು ಒಣಗಿಸಿದ ಮೇಲೆ ತಾನೇ ನಿಜ ಕಾಣುವುದು? ಫೈಬರ್ ಬೋಟಿನ ಅಡಿಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಬೇಕು. ತೆಂಗಿನಕಾಯಿ ಆರಿಸುವವರಿಗೆ ಈ ವಿದ್ಯೆ ಹೇಳಿಕೊಡಬೇಕಿಲ್ಲ. ಗಟ್ಟಿ ಸದ್ದು ಬಂದರೆ ಸರಿ, ಬೊದ್ದು ಸದ್ದು ಬಂದರೆ ಪದರ ಬಿಟ್ಟಿದೆ ಎಂದು ಅನುಮಾನಿಸಬೇಕು. ತೇಲಲೆಂದು ಒಳಗೆ ತುಂಬಿದ ಫೋಮು ನೀರು ಕುಡಿದಿದ್ದರೆ ಬೋಟು ಹೊರಗೆ ಹಾಗೇ ಕಂಡರೂ ಭಾರವಾಗಿರುತ್ತದೆ. ಹತ್ತು ಜನರ ಬೋಟು ಹತ್ತು ಜನರದ್ದಾಗಿ ಉಳಿದಿರುವುದಿಲ್ಲ.

ಇನ್ನು ಎಂಜಿನ್. ಕೆಳಗಿನ ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ನೋಡಿ: ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಒಳಗೆ ನೀರು ಹೊಕ್ಕಿದೆ, ಸೀಲು ಹೋಗಿದೆ. ಪ್ರೊಪೆಲ್ಲರ್ ಬಿಚ್ಚಿ ನೋಡಿ: ಶಾಫ್ಟಿಗೆ ಸುತ್ತಿಕೊಂಡ ಗಾಳದ ನೈಲಾನ್ ದಾರ ಸೀಲನ್ನು ಕತ್ತರಿಸುತ್ತಾ ಕೂತಿರುತ್ತದೆ. ನೀರೆತ್ತಿ ಎಂಜಿನ್ ತಣ್ಣಗಿಡುವ ಆ ರಬ್ಬರ್ ಇಂಪೆಲ್ಲರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಮಣ್ಣುನೀರಿನಲ್ಲಿ ಬೇಗ ಸವೆಯುತ್ತದೆ. ಗುಡ್ಡ ಜರಿದು ಮಣ್ಣು ಇಳಿಯುವ ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಆಯುಷ್ಯ ಇನ್ನೂ ಕಡಿಮೆ. ಟ್ಯಾಂಕಿನಲ್ಲಿ ನಾಲ್ಕು ತಿಂಗಳು ಉಳಿದ ಪೆಟ್ರೋಲನ್ನು ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ಕೊಡಗಿನ ಮಳೆಗಾಲದ ತೇವ ಎಂಥದೆಂದು ಅಲ್ಲಿ ಬಟ್ಟೆ ಒಣಗಿಸಿದವರನ್ನು ಕೇಳಿ. ಕೊನೆಗೆ ಸ್ಟೇರಿಂಗ್ ಕೇಬಲ್, ಬ್ಯಾಟರಿ, ನೀರು ಹೊರಹಾಕುವ ಪಂಪು, ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಹುರಿ, ಒಂದೊಂದೇ ಲೈಫ್ ಜಾಕೆಟ್. ಆಮೇಲೆ ಪ್ರಯಾಣಿಕರಿಲ್ಲದೆ ಒಂದು ಸುತ್ತು.

ಇದಿಷ್ಟು ಮಾಡಲು ಕೆಲವೇ ದಿನ ಸಾಕು. ಇದನ್ನು ಮಾಡುವ ಜನ ನಮ್ಮ ರಾಜ್ಯದಲ್ಲೇ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನಿಯಮ ಇರುವುದು ಮೀನಿನ ಸಂತಾನಕ್ಕಾಗಿ. ಲಾಭ ಬೋಟಿಗೂ ಆಗುತ್ತದೆ. ಆ ದಿನಗಳಲ್ಲಿ ಮಲ್ಪೆಗೋ ಮಂಗಳೂರಿನ ಬಂದರಿಗೋ ಹೋಗಿ ನೋಡಿ: ದಡಕ್ಕೆಳೆದ ಬೋಟುಗಳ ಅಡಿಯಲ್ಲಿ ಮಲಗಿ ಕೆರೆಯುವವರು, ಹಲಗೆ ಬದಲಿಸುವವರು, ಎಂಜಿನ್ ಬಿಚ್ಚಿ ಹರಡಿದವರು. ಆಗಸ್ಟಿನಲ್ಲಿ ಅವರೂ ಪೂಜೆ ಮಾಡುತ್ತಾರೆ, ಸಮುದ್ರಕ್ಕೆ ಹಾಲೆರೆಯುತ್ತಾರೆ. ಆದರೆ ಕೆಲಸ ಮುಗಿದ ಮೇಲೆ. ಸಮುದ್ರ ಯಾರ ಸಬೂಬೂ ಕೇಳುವುದಿಲ್ಲ ಎಂದು ಅವರಿಗೆ ಗೊತ್ತು.

ಹಿನ್ನೀರಿನವರ ಮೊದಲ ಸಬೂಬು, "ಇದು ಸಿಹಿನೀರು ಸ್ವಾಮೀ, ಉಪ್ಪಲ್ಲ." ನಿಜ, ತುಕ್ಕು ನಿಧಾನ. ಆದರೆ ಸವೆದ ರಬ್ಬರಿಗೂ ಮುರಿದ ಬಕಲ್‌ಗೂ ನೀರಿನ ರುಚಿ ಗೊತ್ತಾಗುವುದಿಲ್ಲ. ಎರಡನೆಯದು, "ಶನಿವಾರ-ಭಾನುವಾರ ಬಿಟ್ಟರೆ ದುಡಿಮೆಯೇ ಇಲ್ಲ, ಖರ್ಚು ಎಲ್ಲಿಂದ?" ಇದು ಪೊಳ್ಳು ಮಾತಲ್ಲ. ದಿನಗೂಲಿಯ ಹುಡುಗನ ಕೈಗೆ ಬೋಟು ಕೊಟ್ಟು, ತರಬೇತಿ ಕೊಡದೆ, ದುರಸ್ತಿಗೆ ಒಂದು ರೂಪಾಯಿಯನ್ನೂ ಎತ್ತಿಡದೆ ಟೆಂಡರು ಕೂಗುವ ವ್ಯವಸ್ಥೆಯೇ ಇಲ್ಲಿ ಮೊದಲ ಅಪರಾಧಿ. ಉದ್ಘಾಟನೆಗೆ ಶಾಮಿಯಾನ ಹಾಕಲು ಹಣ ಇರುತ್ತದೆ, ಇಂಪೆಲ್ಲರಿಗೆ ಇರುವುದಿಲ್ಲ. ಇಂಪೆಲ್ಲರ್ ಬದಲಿಸುವಾಗ ಯಾರೂ ಫೋಟೋ ತೆಗೆಯುವುದಿಲ್ಲವಲ್ಲ.

ಮೂರನೆಯ ಆಕ್ಷೇಪವನ್ನು ನಾನೇ ಎತ್ತುತ್ತೇನೆ: ದೊಡ್ಡ ದುರಂತಗಳಿಗೆ ಮುಖ್ಯ ಕಾರಣ ಎಂಜಿನ್ ಅಲ್ಲ, ಮಿತಿಮೀರಿದ ಜನ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮುಳುಗಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ, ಮೀನುಗಾರಿಕೆಯ ದೋಣಿಯನ್ನೇ ಪ್ರವಾಸಿ ಬೋಟಾಗಿ ಮಾರ್ಪಡಿಸಿದ್ದರಲ್ಲಿ, 22 ಜನ. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಮೂರರಲ್ಲೂ ಬೋಟಿನಲ್ಲಿ ಜನ ಹೆಚ್ಚಿದ್ದರು. ಒಪ್ಪುತ್ತೇನೆ. ಆದರೆ ಬೋಟಿನ ಅಡಿ ತಟ್ಟಿ ನೋಡಿದವನಿಗೆ ಅದು ಎಷ್ಟು ಭಾರ ಹೊರುತ್ತದೆಂದು ಗೊತ್ತಿರುತ್ತದೆ, "ಇನ್ನಿಬ್ಬರು ಹತ್ತಿ" ಎನ್ನಲು ನಾಲಗೆ ತಡೆಯುತ್ತದೆ. ಎಂದೂ ಅಡಿ ನೋಡದವನಿಗೆ ಬೋಟು ಎಂದರೆ ಸೀಟುಗಳ ಸಾಲು ಮಾತ್ರ.

ಕಾನೂನು ಇಲ್ಲವೆಂದಲ್ಲ. 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಯಾಂತ್ರಿಕ ದೋಣಿಗಳ ಸರ್ವೆ, ನೋಂದಣಿ, ಚಾಲಕರ ಅರ್ಹತೆ ಎಲ್ಲ ಅದರಲ್ಲಿದೆ. ನಾನು ಕೇಳುವುದು ಇನ್ನೂ ಚಿಕ್ಕದು. ಕರಾವಳಿಗಿರುವಂತೆ ಹಿನ್ನೀರಿನ ಬೋಟುಗಳಿಗೂ ಮಳೆಗಾಲದಲ್ಲಿ ಕಡ್ಡಾಯವಾಗಿ ದಡ ಹತ್ತುವ ದಿನಗಳಿರಲಿ. ಯಾವ ತಾರೀಕಿಗೆ ಎಳೆದರು, ಏನು ಬದಲಿಸಿದರು, ಯಾರು ನೋಡಿದರು ಎಂಬ ಒಂದು ಹಾಳೆ, ಸಹಿ ಸಮೇತ, ಕನ್ನಡದಲ್ಲಿ, ಟಿಕೆಟ್ ಕಿಟಕಿಯ ಪಕ್ಕ ಅಂಟಲಿ. ಅದಿಲ್ಲದೆ ಟಿಕೆಟ್ ಹರಿಯಬಾರದು.

ಸಾಹಿತ್ಯದ ಪತ್ರಿಕೆಯಲ್ಲಿ ಗ್ರೀಸಿನ ಮಾತೇಕೆ ಎಂದು ಕೇಳುವವರಿದ್ದೀರಿ. ನಾನು ಓದಿದ ಮಟ್ಟಿಗೆ ನಮ್ಮ ಕವಿತೆಗಳ ದೋಣಿ ಯಾವಾಗಲೂ ನೀರಿನ ಮೇಲಿರುತ್ತದೆ. ತೇಲುತ್ತದೆ, ಸಾಗುತ್ತದೆ, ಆಚೆ ದಡ ಸೇರುತ್ತದೆ. ಬೋರಲು ಬಿದ್ದ ದೋಣಿಯ ಹೊಟ್ಟೆ ಕೆರೆಯುತ್ತಾ ಕೂತವನು ನಮ್ಮ ಪುಟಗಳಲ್ಲಿ ಅಪರೂಪ. ಪಯಣ ಸಂಸ್ಕೃತಿ, ದುರಸ್ತಿ ಕೂಲಿ ಎಂದು ನಾವೇ ಗೆರೆ ಎಳೆದಿದ್ದೇವೆ. ಆ ಗೆರೆಯೇ ಆ ಹುಡುಗನಿಗೆ ಇಂಪೆಲ್ಲರ್ ಏನೆಂದು ಹೇಳಿಕೊಡದೆ ಹಾರ ಮಾತ್ರ ಕೊಟ್ಟದ್ದು.

ಕೊಡಗಿಗೆ ಇದನ್ನು ಹೊರಗಿನವರು ಕಲಿಸಬೇಕಿಲ್ಲ. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಸುಮಾರಿಗೆ, ಇಲ್ಲಿ ಕೈಲ್ ಮುಹೂರ್ತ. ಕೋವಿಗೆ ತೋಕ್ ಪೂ ಇಟ್ಟು ಪೂಜಿಸುತ್ತಾರೆ. ಆದರೆ ಕೋವಿಯನ್ನು ಮೊದಲು ಒರೆಸಿ, ನಳಿಗೆ ಚೊಕ್ಕ ಮಾಡುತ್ತಾರೆ. ಕೆಸರು ಮೆತ್ತಿದ ನೇಗಿಲನ್ನು ಮೊದಲು ತೊಳೆಯುತ್ತಾರೆ. ಹೂವು ಆಮೇಲೆ. ಹಾರಂಗಿಯ ದಡದಲ್ಲಾಗಲಿ ಬೇರೆಲ್ಲಾಗಲಿ, ಮುಂದಿನ ಸಲ ಬೋಟು ಹತ್ತುವಾಗ ಹಾರ ನೋಡಿ ಕೈಮುಗಿಯಬೇಡಿ. "ಇದನ್ನು ಕೊನೆಯ ಸಲ ದಡಕ್ಕೆ ಎಳೆದದ್ದು ಯಾವಾಗ?" ಎಂದು ಕೇಳಿ. ಉತ್ತರ ಬರುವವರೆಗೆ ಕಾಲು ನೆಲದ ಮೇಲೇ ಇರಲಿ.